ಗ್ಲುಟಾಮಿಕ್ ಆಮ್ಲದ ಹರಳುಗಳು: ಕ್ಯಾಮೆರಾ, ರಾಮನ್, ಇನ್‌ಫ್ರಾರೆಡ್ ಜೊತೆ ನನ್ನ ಅನುಭವ

ಔಷಧಿಗಳ ಹರಳು ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಹೊಸಬರಿಗೆ ಕಲಿಸುವಾಗ ನಾನು ಎತ್ತಿಕೊಳ್ಳುವುದು ಎಲ್-ಗ್ಲುಟಾಮಿಕ್ ಆಮ್ಲವನ್ನು. ನಮ್ಮ ಅಜಿನೊಮೊಟೊ ಇದರದೇ ಸೋಡಿಯಂ ಲವಣ. ಇದಕ್ಕೆ ಎರಡು ಹರಳು ರೂಪಗಳಿವೆ. ಅಣು ಒಂದೇ, ಜೋಡಣೆ ಬೇರೆ. ಆಲ್ಫಾ ಕಲ್ಲುಸಕ್ಕರೆಯಂತೆ ದಪ್ಪಗೆ ಬೆಳೆಯುತ್ತದೆ, ಸಲೀಸಾಗಿ ಫಿಲ್ಟರ್ ಆಗುತ್ತದೆ. ಬೀಟಾ ತೆಳ್ಳನೆಯ ಸೂಜಿ, ಫಿಲ್ಟರ್ ಮೇಲೆ ನೀರೇ ಇಳಿಯದು. ಆದರೆ ಸ್ಥಿರವಾದದ್ದು ಬೀಟಾ. ನೀರಿನಲ್ಲಿ ಹಾಗೇ ಬಿಟ್ಟರೆ ಆಲ್ಫಾ ಕರಗಿ ಬೀಟಾ ಆಗಿಬಿಡುತ್ತದೆ.

ಔಷಧಿಯಲ್ಲಿ ಇದು ತಮಾಷೆಯ ವಿಷಯವಲ್ಲ. 1998ರಲ್ಲಿ ಎಚ್‌ಐವಿ ಔಷಧಿ ರಿಟೊನಾವಿರ್‌ನಲ್ಲಿ ಕಡಿಮೆ ಕರಗುವ ಹೊಸ ರೂಪವೊಂದು ಕಾಣಿಸಿಕೊಂಡಿತು. ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು.

ಈ ಬದಲಾವಣೆಯನ್ನು ಹುಡುಗರಿಗೆ ತೋರಿಸಲು ನಾನು ಮಾಡುವುದು ಹೀಗೆ. ಒಂದು ಲೀಟರ್ ನೀರಿಗೆ ಸುಮಾರು 40 ಗ್ರಾಂ ಪುಡಿ ಹಾಕಿ 80 ಡಿಗ್ರಿಯಲ್ಲಿ ಪೂರ್ತಿ ಕರಗಿಸುತ್ತೇನೆ. ಜೋರಾಗಿ ಕಲಕುತ್ತಾ ಬೇಗ 45 ಡಿಗ್ರಿಗೆ ಇಳಿಸಿ, ಆಲ್ಫಾ ಹರಳಿನ ಬೀಜ (ಬೆಳವಣಿಗೆ ಶುರುವಾಗಲು ಒಂದಿಷ್ಟು ಸಣ್ಣ ಹರಳು) ಹಾಕುತ್ತೇನೆ. 25 ಡಿಗ್ರಿಯಲ್ಲಾದರೆ ಆಲ್ಫಾ ದಿನಗಟ್ಟಲೆ ಹಾಗೇ ಕೂತಿರುತ್ತದೆ. 45ರಲ್ಲಿ ಬದಲಾವಣೆ ಗಂಟೆಗಳ ಲೆಕ್ಕದಲ್ಲಿ ಕಾಣುತ್ತದೆ.

ಪಾತ್ರೆಯೊಳಗೆ ಮೂರು ಪ್ರೋಬ್, ಅಂದರೆ ದ್ರಾವಣದಲ್ಲಿ ಮುಳುಗಿಸಿಡುವ ಅಳತೆಯ ಕಡ್ಡಿಗಳು. ಇನ್‌ಫ್ರಾರೆಡ್ ಪ್ರೋಬ್‌ನ ವಜ್ರದ ತುದಿಯಿಂದ ಬೆಳಕು ದ್ರಾವಣದೊಳಗೆ ಹೋಗುವುದು ಒಂದೆರಡು ಮೈಕ್ರಾನ್ ಅಷ್ಟೇ. ಹಾಗಾಗಿ ತೇಲುವ ಹರಳು ಅದರ ಲೆಕ್ಕಕ್ಕೆ ಬರುವುದಿಲ್ಲ, ಕರಗಿರುವುದು ಮಾತ್ರ ಕಾಣುತ್ತದೆ. ಸಾಂದ್ರತೆಗೆ, ಅಂದರೆ ನೀರಿನಲ್ಲಿ ಎಷ್ಟು ಕರಗಿದೆ ಎಂದು ತಿಳಿಯಲು, ಇದು. ಬಿಸಿ ಬದಲಾದರೂ ಸ್ಪೆಕ್ಟ್ರಮ್ (ಪ್ರೋಬ್ ಬರೆಯುವ ಬೆಳಕಿನ ನಕ್ಷೆ) ಜರುಗುತ್ತದೆ, ಆದ್ದರಿಂದ ಕ್ಯಾಲಿಬ್ರೇಶನ್ನನ್ನು (ಗೊತ್ತಿರುವ ಸಾಂದ್ರತೆಗಳ ಜೊತೆ ತಾಳೆ ನೋಡುವುದನ್ನು) ಬೇರೆ ಬೇರೆ ತಾಪಮಾನಗಳಲ್ಲಿ ಮಾಡಲೇಬೇಕು. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ಯಾವ ರೂಪ ಎಷ್ಟಿದೆ ಎಂದು ಹೇಳುವುದು ಎರಡನೆಯ ಪ್ರೋಬ್, ರಾಮನ್. ಲೇಸರ್ ಬಿಟ್ಟಾಗ ಚದುರುವ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ, ಅದನ್ನು ಇದು ಓದುತ್ತದೆ. (ಈ ಪರಿಣಾಮದ ಬಗ್ಗೆ ಸಿ. ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲೇ ಭಾಷಣ ಮಾಡಿದ್ದರು. ನಮ್ಮ ಹುಡುಗರಿಗೆ ಇದನ್ನು ಹೇಳದೆ ಲೇಸರ್ ಆನ್ ಮಾಡಲು ನನಗೆ ಮನಸ್ಸು ಬರುವುದಿಲ್ಲ.) ಅದರ ಸಿಗ್ನಲ್ ತುಂಬಾ ಕ್ಷೀಣ. ಕೋಣೆಯ ಟ್ಯೂಬ್‌ಲೈಟ್ ಕೂಡ ಸ್ಪೆಕ್ಟ್ರಮ್‌ನಲ್ಲಿ ಮೂಗು ತೂರಿಸುತ್ತದೆ. ಅದಕ್ಕೇ ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತುತ್ತೇನೆ. ಆದರೆ ಮೂರನೆಯ ಪ್ರೋಬ್ ಕ್ಯಾಮೆರಾ, ಅದಕ್ಕೆ ಬೆಳಕು ಬೇಕೇ ಬೇಕು ಅಲ್ವಾ? ಎರಡನ್ನೂ ಒಟ್ಟಿಗೆ ಓಡಿಸಬಾರದು. ರಾಮನ್ ಓದುವಾಗ ಕ್ಯಾಮೆರಾ ದೀಪ ಆರಿರಬೇಕು. ಸರದಿ ಹಾಕಿಬಿಟ್ಟರೆ ಜಗಳ ಮುಗಿಯಿತು.

ಈ ಪ್ರಯೋಗದಲ್ಲಿ ನನಗೆ ಇಷ್ಟವಾದ ಭಾಗ ನಡುವಿನದು. ಬೀಜ ಹಾಕಿದ ಮೇಲೆ ಸಾಂದ್ರತೆ ಇಳಿಯುತ್ತದೆ, ಆಲ್ಫಾದ ಕರಗುವ ಮಿತಿಗೆ ಬಂದು ನಿಂತುಬಿಡುತ್ತದೆ. ಗೆರೆ ಚಪ್ಪಟೆ. ಇನ್‌ಫ್ರಾರೆಡ್ ಒಂದನ್ನೇ ನೋಡಿದವರು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಕ್ಯಾಮೆರಾದಲ್ಲಿ ದಪ್ಪ ಹರಳುಗಳ ಮೈಮೇಲೆ ಸಣ್ಣ ಸೂಜಿಗಳು ಏಳುತ್ತಿರುತ್ತವೆ. ರಾಮನ್ ಇನ್ನೂ ಸುಮ್ನೆ ಇರುತ್ತದೆ, ಏಕೆಂದರೆ ಅಷ್ಟು ಕಡಿಮೆ ಬೀಟಾ ಅದಕ್ಕೆ ತಿಳಿಯುವುದಿಲ್ಲ. ಆಮೇಲೆ ರಾಮನ್‌ನಲ್ಲಿ ಆಲ್ಫಾದ ಗೆರೆ ಕುಗ್ಗುತ್ತಾ, ಬೀಟಾದ್ದು ಏರುತ್ತಾ ಹೋಗುತ್ತದೆ. ಸಾಂದ್ರತೆ ಮಾತ್ರ ಅಲ್ಲಾಡುವುದಿಲ್ಲ. ಬೀಟಾ ನಿಧಾನವಾಗಿ ಎಳೆದುಕೊಂಡಷ್ಟನ್ನೂ ಆಲ್ಫಾ ಕರಗಿ ತುಂಬಿಕೊಡುತ್ತಿರುತ್ತದೆ. ಆಲ್ಫಾ ಖಾಲಿಯಾದ ಮೇಲಷ್ಟೇ ಸಾಂದ್ರತೆಯ ಗೆರೆ ಬೀಟಾದ ಮಿತಿಗೆ ಇಳಿಯುತ್ತದೆ.

ಗೆರೆ ಇದ್ದಕ್ಕಿದ್ದಂತೆ ಜಿಗಿದರೆ ನಾನು ಮೊದಲು ನೋಡುವುದು ಪ್ರೋಬ್ ತುದಿಯನ್ನು. ಅಲ್ಲಿ ಹರಳು ಅಂಟಿಕೊಂಡರೆ ಓದಿದ್ದೆಲ್ಲ ಆ ಹರಳಿನದೇ. ಕಲಕಿದ ದ್ರಾವಣ ನೇರವಾಗಿ ಬಂದು ಬಡಿಯುವಂತೆ ತುದಿಯನ್ನು ಓರೆಯಾಗಿ ಇಟ್ಟರೆ ಅಂಟುವುದು ಕಡಿಮೆ.

ಕೊನೆಗೆ ಸ್ವಲ್ಪ ಸ್ಯಾಂಪಲ್ ತೆಗೆದು ತಕ್ಷಣ ಫಿಲ್ಟರ್ ಮಾಡಿ, ಒಣಗಿಸಿ, ಎಕ್ಸ್-ರೇ ಡಿಫ್ರ್ಯಾಕ್ಷನ್‌ಗೆ (ಎಕ್ಸ್-ರೇ ಬಿಟ್ಟು ಹರಳಿನ ಜೋಡಣೆ ಗುರುತಿಸುವ ಪರೀಕ್ಷೆಗೆ) ಕೊಡುತ್ತೇನೆ. ಒದ್ದೆಯಾಗಿ ಬಿಟ್ಟರೆ ದಾರಿಯಲ್ಲೇ ರೂಪ ಬದಲಾಗಬಹುದು. ಆ ಉತ್ತರ ರಾಮನ್ ಲೆಕ್ಕಕ್ಕೆ ಹೊಂದಿದರೆ ಮಾತ್ರ ಮುಂದಿನ ಬ್ಯಾಚ್‌ಗೆ ಕೈ ಹಾಕುತ್ತೇನೆ.