ಹಳೇ ನೊರಿಟಾಕೆ ಪಿಂಗಾಣಿಯ ಕಾಲ ಕಂಡುಹಿಡಿಯುವುದು ಹೇಗೆ?

ದಾವಣಗೆರೆಯ ಹಳೇ ಮನೆಗಳ ಶೋಕೇಸಿನಲ್ಲಿ ಜಪಾನಿನ ಟೀ ಸೆಟ್ಟು ಕಂಡರೆ ಅಜ್ಜನ ಕಾಲದ್ದು ಅಂತಾರೆ. ಯಾವ ಇಸವಿ ಅಂದರೆ ಯಾರಿಗೂ ಗೊತ್ತಿರುವುದಿಲ್ಲ. ನೊರಿಟಾಕೆ ಕಂಪನಿಯದ್ದಾದರೆ ಅಂದಾಜು ಹೇಳಬಹುದು, ಅದರ ಕಥೆ ಸ್ವಲ್ಪ ಗೊತ್ತಿರಬೇಕು ಅಷ್ಟೆ.

ಟವೆಲ್ ಹಾಸಿ ಸಾಸರನ್ನು ಬೋರಲು ಹಾಕಿ. ಧೂಳಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಿ. ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ, ಅಂಚಿನ ಚಿನ್ನದ ಗೆರೆ ಹೋದರೆ ಹೋಯಿತು.

ತಳದ ಮುದ್ರೆಯಲ್ಲಿ ಎಲೆಗಳ ಸುತ್ತಿನ ನಡುವೆ ಇಂಗ್ಲಿಷಿನ ಎಂ (M) ಅಕ್ಷರ ಕಾಣುತ್ತಾ? ಅದು ಕಂಪನಿ ಕಟ್ಟಿದ ಮೊರಿಮುರಾ ಅಣ್ಣತಮ್ಮಂದಿರ ಹೆಸರಿನದು. ಇವರು 1876ರಲ್ಲಿ ಟೋಕಿಯೋದಲ್ಲಿ ವ್ಯಾಪಾರ ಶುರು ಮಾಡಿದರು, ತಮ್ಮ ನ್ಯೂಯಾರ್ಕಿಗೇ ಹೋಗಿ ಅಂಗಡಿ ಹಾಕಿದ. 1904ರಲ್ಲಿ ನಗೋಯಾ ಹತ್ತಿರದ ನೊರಿಟಾಕೆಯಲ್ಲಿ ಕಾರ್ಖಾನೆ ಬಂತು. ಆದರೂ ಪೂರ್ತಿ ಡಿನ್ನರ್ ಸೆಟ್ ಹೊರಬಂದಿದ್ದು 1914ರಲ್ಲಿ, ಯಾಕೆಂದರೆ 25 ಸೆಂ.ಮೀ.ನ ಊಟದ ತಟ್ಟೆಯನ್ನು ಸೊಟ್ಟಗಾಗದ ಹಾಗೆ ಸುಟ್ಟು ತೆಗೆಯುವುದೇ ದೊಡ್ಡ ಪಾಡಾಗಿತ್ತು. ಒಂದು ತಟ್ಟೆಗಾಗಿ ಅಷ್ಟು ವರ್ಷ ಗುದ್ದಾಡಿದವರು ಅಂತಲೇ ನನಗೆ ಇವರ ಮೇಲೆ ಗೌರವ ಜಾಸ್ತಿ.

ಇನ್ನು ದೇಶದ ಹೆಸರು ಓದಿ, ಅಸಲಿ ಸುಳಿವು ಇರುವುದೇ ಅಲ್ಲಿ. ಆಮದು ಮಾಲಿನ ಮೇಲೆ ದೇಶದ ಹೆಸರಿರಬೇಕು ಅಂತ ಅಮೆರಿಕದಲ್ಲಿ ಕಾನೂನು ಬಂದಿದ್ದರಿಂದ 1891ರಿಂದ 'ನಿಪ್ಪಾನ್' (ಜಪಾನಿಗೆ ಜಪಾನಿ ಭಾಷೆಯ ಹೆಸರು) ಅಂತ ಹಾಕುತ್ತಿದ್ದರು. 1921ರಲ್ಲಿ ಅದು ನಡೆಯಲ್ಲ, 'ಜಪಾನ್' ಅಂತಲೇ ಬೇಕು ಅಂದರು. 'ಆಕ್ಯುಪೈಡ್ ಜಪಾನ್' ಅಂತಿದ್ದರೆ 1945ರಿಂದ 1952ರ ನಡುವಿನದು, ಅಂದರೆ ಎರಡನೇ ಮಹಾಯುದ್ಧ ಸೋತ ಜಪಾನು ಗೆದ್ದವರ ಕೈಕೆಳಗಿದ್ದ ಕಾಲದ್ದು. 'ರೋಸ್ ಚೈನಾ' ಅಂತಿದ್ದರೆ ಯುದ್ಧ ಮುಗಿದ ಹೊಸದರದು: ಮಾಲು ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲ ಅಂತ ತಮ್ಮ ಹೆಸರನ್ನೇ ಹಾಕಲಿಲ್ಲ ನೋಡಿ!

ಆದರೆ ಇದು ಅಮೆರಿಕಕ್ಕೆ ಹೋದ ಮಾಲಿನ ಲೆಕ್ಕ, ನಮ್ಮ ಕಡೆ ಬಂದಿದ್ದಕ್ಕೆ ಅಂದಾಜು ಅಂತ ಮಾತ್ರ ಇಟ್ಟುಕೊಳ್ಳಿ. ಬರೀ ನಿಪ್ಪಾನ್ ಅಂತಿದ್ದರೆ ನೊರಿಟಾಕೆಯದ್ದೇ ಅಂತಲೂ ಅಲ್ಲ, ಬೇರೆ ಎಷ್ಟೋ ಕಾರ್ಖಾನೆಯವರು ಅದನ್ನೇ ಹಾಕುತ್ತಿದ್ದರು.

ಅಂದ ಹಾಗೆ, ನಮ್ಮ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ, ಗಾಡಿ ಎಂಜಿನ್ನಿಗೆ ಹಾಕುವ ಎನ್‌ಜಿಕೆ ಸ್ಪಾರ್ಕ್ ಪ್ಲಗ್ಗಿನ ಬೇರೂ ಇದೇ ನೊರಿಟಾಕೆಯಲ್ಲಿದೆ. ಕರೆಂಟ್ ಕಂಬದ ಪಿಂಗಾಣಿ ಮಾಡುವ ವಿಭಾಗ 1919ರಲ್ಲಿ ಬೇರೆ ಕಂಪನಿಯಾಯಿತು, ಅದರಿಂದ 1936ರಲ್ಲಿ ಪ್ಲಗ್ ಕಂಪನಿ ಹುಟ್ಟಿತು.

ಕೊನೆಗೆ ಕಪ್ಪನ್ನು ಅಂಗೈ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಟಿಣ್ ಅಂದರೆ ಗಟ್ಟಿ. ಟಪ್ ಅಂದರೆ ಎಲ್ಲೋ ಕೂದಲೆಳೆ ಬಿರುಕಿದೆ, ಬಿಸಿ ಟೀ ಹಾಕಬೇಡಿ. ಚಿನ್ನದ ಗೆರೆ ಇರುವುದನ್ನು ಮೈಕ್ರೋವೇವ್‌ನಲ್ಲಂತೂ ಇಡಲೇಬೇಡಿ, ಕಿಡಿ ಹಾರುತ್ತದೆ.