ಸರ್ವರ್‌ಗೆ ಯಾರೋ ಕೈ ಹಾಕಿದ್ದಾರಾ? ರೀಸ್ಟಾರ್ಟ್ ಮಾಡುವ ಮುಂಚೆ ಇದನ್ನು ಓದಿ

ವೆಬ್‌ಸೈಟ್ ಇದ್ದಕ್ಕಿದ್ದ ಹಾಗೆ ನಿಧಾನ. ಯಾರೂ ಸೇರಿಸದ ಹೊಸ ಯೂಸರ್ ಒಬ್ಬ ಪಟ್ಟಿಯಲ್ಲಿ ಬಂದು ಕೂತಿದ್ದಾನೆ. ಕ್ಲೌಡ್ ಬಿಲ್ ಸುಮ್ನೆ ದುಪ್ಪಟ್ಟಾಗಿದೆ. ಪೀಣ್ಯದ ಸಣ್ಣ ಕಾರ್ಖಾನೆ ಇರಲಿ, ರಾಜಾಜಿನಗರದ ಆಡಿಟರ್ ಆಫೀಸ್ ಇರಲಿ, ಇಂಥದ್ದು ಕಂಡಾಗ ಬರುವ ಮಾತು ಒಂದೇ: 'ಆ ಹುಡುಗನಿಗೆ ಫೋನ್ ಮಾಡಿ, ಒಂದ್ಸಲ ರೀಸ್ಟಾರ್ಟ್ ಮಾಡೋಕೆ ಹೇಳಿ.' ರೀಸ್ಟಾರ್ಟ್ ಆಗುತ್ತದೆ, ಎಲ್ಲ ಸರಿಹೋದಂತೆ ಕಾಣುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುಂಚೆಯೇ ಗುಡಿಸಿ ಒರೆಸಿಟ್ಟ ಹಾಗಾಯಿತು. ಎಲ್ಲಿಂದ ನುಗ್ಗಿದ ಅಂತ ಗೊತ್ತಾಗದೆ ಯಾವ ಬಾಗಿಲು ಮುಚ್ಚುತ್ತೀರಿ?

ಅನುಮಾನ ಚಿಕ್ಕದು ಅಂತ ತಳ್ಳಿಹಾಕುವುದೂ ಬೇಡ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಎಸ್ಎಸ್ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೆನ್ನು ಹತ್ತಿದಾಗ ಎಕ್ಸ್‌ಝಡ್ ಎಂಬ ಲಿನಕ್ಸ್ ಸಾಫ್ಟ್‌ವೇರ್‌ನಲ್ಲಿ ಬಚ್ಚಿಟ್ಟಿದ್ದ ಕಳ್ಳದಾರಿ ಸಿಕ್ಕಿತು.

ಇಲ್ಲಿ ಲಿನಕ್ಸ್ ಸರ್ವರ್ ಇದೆ ಅಂದುಕೊಂಡು ಹೇಳುತ್ತಿದ್ದೇನೆ. ವಿಂಡೋಸ್‌ನಲ್ಲಿ ಕಮಾಂಡ್‌ಗಳು ಬೇರೆ, ಕೆಲಸದ ಕ್ರಮ ಇದೇ.

ಮೊದಲು ನೋಟ್‌ಬುಕ್

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರು, ಎಷ್ಟು ಗಂಟೆಗೆ, ಯಾವ ಕಮಾಂಡ್ ಕೊಟ್ಟರು, ಎಲ್ಲವೂ ಅದರಲ್ಲಿ ಬರಲಿ. ಸರ್ವರ್ ಆಫ್ ಮಾಡಬೇಡಿ, ನೆಟ್‌ವರ್ಕ್ ಮಾತ್ರ ಕಡಿಯಿರಿ. ಆಫೀಸಿನಲ್ಲೇ ಇದ್ದರೆ ಕೇಬಲ್ ಕೀಳಿ. ಕ್ಲೌಡ್ ಆದರೆ ನಿಮ್ಮ ಆಫೀಸಿನ ಐಪಿ ಬಿಟ್ಟು ಬೇರೆ ಯಾವುದೂ ಒಳಗೆ ಬರದಂತೆ, ಒಳಗಿನದು ಹೊರಗೆ ಹೋಗದಂತೆ ಫೈರ್‌ವಾಲ್ ಬಿಗಿ ಮಾಡಿ. ಕಣ್ಣೆದುರೇ ಫೈಲ್‌ಗಳು ಒಂದೊಂದಾಗಿ ಲಾಕ್ ಆಗುತ್ತಿದ್ದರೆ ಈ ನಿಯಮ ಮರೆತು ಕರೆಂಟನ್ನೇ ತೆಗೆಯಿರಿ. ಆಗ ಸಾಕ್ಷಿಗಿಂತ ಡೇಟಾ ದೊಡ್ಡದು.

ಗಡಿಯಾರದ ಮೇಲೂ ಒಂದು ಕಣ್ಣಿರಲಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಆದೇಶದ ಪ್ರಕಾರ ಕಂಪನಿಗಳು ಇಂಥ ದಾಳಿಯನ್ನು ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ತನಿಖೆ ಮುಗಿಯಲಿ ಅಂತ ಕಾಯಬೇಡಿ. ಗೊತ್ತಿರುವಷ್ಟನ್ನು ಕಳಿಸಿ, ಉಳಿದದ್ದು ಆಮೇಲೆ.

ರೀಸ್ಟಾರ್ಟ್ ಆದರೆ ಹೋಗುವಂಥದ್ದು

ಮೆಮೊರಿಯಲ್ಲಿ ಇರುವುದನ್ನು ಮೊದಲು ಹಿಡಿಯಿರಿ. 'ಪಿಎಸ್' ಕೊಟ್ಟರೆ ಯಾವ ಪ್ರೊಸೆಸ್ ಓಡುತ್ತಿದೆ, 'ಎಸ್ಎಸ್' ಕೊಟ್ಟರೆ ಯಾವ ಪೋರ್ಟ್‌ನಲ್ಲಿ (ನೆಟ್‌ವರ್ಕ್ ಬಾಗಿಲಲ್ಲಿ) ಯಾರ ಜೊತೆ ಮಾತಾಡುತ್ತಿದೆ, 'ಹೂ' ಕೊಟ್ಟರೆ ಈಗ ಯಾರು ಲಾಗಿನ್ ಆಗಿದ್ದಾರೆ ಎಂದು ಕಾಣುತ್ತದೆ. ಬಂದ ಉತ್ತರವನ್ನು ಅದೇ ಡಿಸ್ಕ್‌ಗೆ ಬರೆಯದೆ ಪೆನ್‌ಡ್ರೈವ್‌ಗೆ (ಕ್ಲೌಡ್ ಆದರೆ ನಿಮ್ಮ ಆಫೀಸಿನ ಕಂಪ್ಯೂಟರ್‌ಗೆ) ಇಳಿಸಿ. ನುಗ್ಗಿದವನು ಈ ಕಮಾಂಡ್‌ಗಳನ್ನೇ ಬದಲಿಸಿರಬಹುದು. ಹಾಗಾಗಿ ಆಗುವುದಾದರೆ ನಂಬಿಕಸ್ತ ಪೆನ್‌ಡ್ರೈವ್‌ನಿಂದ ಓಡಿಸಿ.

ಪ್ರೊಸೆಸ್ ಪಟ್ಟಿಯಲ್ಲಿ ಹೆಸರು ನೋಡಿ ಮೋಸಹೋಗಬೇಡಿ. ಕದ್ದು ಕ್ರಿಪ್ಟೊ ಮೈನಿಂಗ್ ಮಾಡುವ ಪ್ರೋಗ್ರಾಂಗಳು 'ಕೆವರ್ಕರ್' ಅಂತ ಹೆಸರಿಟ್ಟುಕೊಂಡು ಕೂರುತ್ತವೆ. ಅಸಲಿ ಕೆವರ್ಕರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನದು. ಡಿಸ್ಕ್‌ನಲ್ಲಿ ಅದಕ್ಕೆ ಫೈಲೇ ಇರುವುದಿಲ್ಲ. 'ಪ್ರಾಕ್' ಫೋಲ್ಡರ್‌ನಲ್ಲಿ ಆ ಪ್ರೊಸೆಸ್ ನಂಬರಿಗೆ ಹೋಗಿ 'ಎಕ್ಸಿ' ಲಿಂಕ್ ನೋಡಿ. ಅದು 'ಟಿಎಂಪಿ' ಫೋಲ್ಡರ್ ಕಡೆ ಬೆರಳು ತೋರಿಸಿ, ಪಕ್ಕದಲ್ಲಿ 'ಡಿಲೀಟೆಡ್' ಅಂತಿದ್ದರೆ ಆಸಾಮಿ ಸಿಕ್ಕಿಬಿದ್ದ. ತಮಾಷೆ ನೋಡಿ, ಫೈಲ್ ಅಳಿಸಿದ್ದರೂ ಪ್ರೊಸೆಸ್ ಓಡುತ್ತಿರುವಷ್ಟು ಹೊತ್ತು ಆ ಲಿಂಕ್‌ನಿಂದಲೇ ಇಡೀ ಫೈಲನ್ನು ಕಾಪಿ ಮಾಡಿಕೊಳ್ಳಬಹುದು. ರೀಸ್ಟಾರ್ಟ್ ಒತ್ತಿದರೆ ಅದೂ ಮಾಯ.

ಕಾಪಿ ಮತ್ತು ಹ್ಯಾಶ್

ಈಗ ಡಿಸ್ಕ್‌ನ ಪೂರ್ತಿ ಕಾಪಿ. ಕ್ಲೌಡ್‌ನಲ್ಲಿ ಸ್ನ್ಯಾಪ್‌ಶಾಟ್ ಸಾಕು. ಸ್ವಂತ ಮೆಷಿನ್ ಆದರೆ ಎಸ್.ಪಿ. ರೋಡಿಗೆ ಹೋಗಿ ಹೊಸ ಹಾರ್ಡ್‌ಡಿಸ್ಕ್ ತನ್ನಿ, ಹಳೆಯದನ್ನು ಒರೆಸಿ ಬಳಸುವ ಜಿಪುಣತನ ಬೇಡ. ಕಾಪಿ ಆದ ತಕ್ಷಣ ಎಸ್ಎಚ್ಎ-256 ಹ್ಯಾಶ್ (ಕಾಪಿಯ ಬೆರಳಚ್ಚಿನಂಥ ಸಂಕೇತ, ಒಳಗೆ ಏನು ಬದಲಾದರೂ ಇದೂ ಬದಲಾಗುತ್ತದೆ) ತೆಗೆದು ನೋಟ್‌ಬುಕ್‌ನಲ್ಲಿ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಮುಂದಿನ ಹುಡುಕಾಟವೆಲ್ಲ ಕಾಪಿಯ ಮೇಲೆ ನಡೆಯಲಿ.

ಲಾಗ್ ಓದುವಾಗ ಟೈಮ್ ಝೋನ್

ಲಾಗ್ ಅಂದರೆ ನಡೆದದ್ದನ್ನೆಲ್ಲ ಸರ್ವರ್ ತಾನೇ ಬರೆದಿಡುವ ದಾಖಲೆ. ಲಿನಕ್ಸ್‌ನ ಉಬುಂಟು ಬಗೆಯಲ್ಲಿ 'ಆಥ್ ಡಾಟ್ ಲಾಗ್', ರೆಡ್ ಹ್ಯಾಟ್ ಬಳಗದಲ್ಲಿ 'ಸೆಕ್ಯೂರ್' ಎಂಬ ಫೈಲ್ ನೋಡಿ. ಸಾವಿರಾರು ತಪ್ಪು ಪಾಸ್‌ವರ್ಡ್ ಕಂಡರೆ ಗಾಬರಿ ಬೇಡ, ಇಂಟರ್‌ನೆಟ್‌ಗೆ ತೆರೆದ ಸರ್ವರ್‌ಗೆ ಅದು ದಿನದ ಪಾಡು. ಹುಡುಕಬೇಕಾದ್ದು ಆ ಸಾಲುಗಳ ಕೊನೆಯಲ್ಲಿ ಒಂದೇ ಒಂದು 'ಆಕ್ಸೆಪ್ಟೆಡ್', ಅಂದರೆ ಒಳಗೆ ಬಿಟ್ಟ ಲಾಗಿನ್.

ಉದಾಹರಣೆಗೆ ಆ ಸಾಲು 21:10ಕ್ಕೆ ಇದೆ ಅನ್ನಿ. 'ರಾತ್ರಿ ಒಂಬತ್ತು ಗಂಟೆ, ಆಫೀಸಿನಲ್ಲಿ ಇದ್ದದ್ದು ಅಕೌಂಟ್ಸ್ ಹುಡುಗ ಒಬ್ಬನೇ ಅಲ್ವಾ?' ಅಂತ ಬೆರಳು ತೋರಿಸುವ ಮುಂಚೆ ಸರ್ವರ್‌ನ ಟೈಮ್ ಝೋನ್ ನೋಡಿ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಲೆಕ್ಕದಲ್ಲಿ ಇರುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಅದು ನಡುರಾತ್ರಿ ಕಳೆದು 2:40. ಆ ಹುಡುಗ ಮನೆಯಲ್ಲಿ ನಿದ್ದೆ ಮಾಡುತ್ತಿದ್ದ. ಒಬ್ಬರ ಕೆಲಸಕ್ಕೆ ಕುತ್ತು ತರುವ ಲೆಕ್ಕ ಇದು, ಎರಡು ಸಲ ನೋಡಿ.

ಲಾಗ್‌ನಲ್ಲಿ ಒಂದೆರಡು ಗಂಟೆ ಖಾಲಿ ಇದ್ದರೆ ಅದೂ ಸುಳಿವೇ. ರೂಟರ್, ಕ್ಲೌಡ್ ಕಂಪನಿಯ ದಾಖಲೆ ತರಿಸಿ ತಾಳೆ ನೋಡಿ.

ಏನು ಬದಲಾಗಿದೆ?

ಹೊರಗಿನವನು ಮತ್ತೆ ಬರಲು ಏನಾದರೂ ಬಿಟ್ಟುಹೋಗಿರುತ್ತಾನೆ. ಕ್ರಾನ್ ಪಟ್ಟಿ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳು), ಹೊಸ ಸರ್ವಿಸ್‌ಗಳು, 'ಆಥರೈಸ್ಡ್ ಕೀಸ್' ಫೈಲ್‌ನಲ್ಲಿ ಗುರುತಿಲ್ಲದ ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಬೀಗದ ಕೈ), ಫೋಟೊ ಅಪ್‌ಲೋಡ್ ಆಗುವ ಫೋಲ್ಡರ್‌ನಲ್ಲಿ ಸರ್ವರ್ ಓಡಿಸಬಲ್ಲ ಒಂದು ಪಿಎಚ್‌ಪಿ ಕೋಡ್ ಫೈಲ್: ಈ ಜಾಗಗಳನ್ನು ಬಿಡಬೇಡಿ. ಫೈಲ್ ತಿದ್ದಿದ ತಾರೀಖನ್ನು ಪೂರ್ತಿ ನಂಬಬೇಡಿ, 'ಟಚ್' ಕಮಾಂಡ್‌ನಿಂದ ಅದನ್ನು ಹಿಂದಕ್ಕೆ ಹಾಕಬಹುದು. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲು ಲಿನಕ್ಸ್‌ನಲ್ಲೇ ಇರುವ 'ಆರ್‌ಪಿಎಂ' ಅಥವಾ 'ಡಿಪಿಕೆಜಿ'ಯ ವೆರಿಫೈ ಓಡಿಸಿದರೆ ಮೂಲಕ್ಕೆ ಹೊಂದದ ಫೈಲ್‌ಗಳ ಪಟ್ಟಿ ಬರುತ್ತದೆ. ಕಾನ್ಫಿಗ್ ಫೈಲ್ ಬದಲಾಗಿರುವುದು ಮಾಮೂಲು. ಎಸ್ಎಸ್ಎಚ್ ಪ್ರೋಗ್ರಾಂ ಬದಲಾಗಿದ್ದರೆ ಮಾತ್ರ ಕೂತು ಯೋಚಿಸಬೇಕಾದ ವಿಷಯ.

ಹುಳುಕು ಹುಡುಕಲು ಹೊರಗಿನಿಂದ ಎನ್‌ಮ್ಯಾಪ್ (ತೆರೆದ ಪೋರ್ಟ್‌ಗಳನ್ನು ತೋರಿಸುವ ಪ್ರೋಗ್ರಾಂ) ಓಡಿಸಿ. ಡೇಟಾಬೇಸ್‌ನ 3306, ರಿಮೋಟ್ ಡೆಸ್ಕ್‌ಟಾಪ್‌ನ 3389 ಲೋಕಕ್ಕೆಲ್ಲ ತೆರೆದಿವೆಯಾ? ಇದನ್ನು ನಿಮ್ಮ ಸರ್ವರ್ ಮೇಲೆ ಮಾತ್ರ ಮಾಡಿ. ಅನುಮತಿ ಇಲ್ಲದೆ ಪಕ್ಕದವರದ್ದನ್ನು ಕೆದಕಿದರೆ ಐಟಿ ಕಾಯ್ದೆಯ 43ನೇ ಸೆಕ್ಷನ್ ನಿಮ್ಮ ಮೇಲೇ ಬೀಳಬಹುದು.

ಆಮೇಲೆ

ದೂರಿಗೆ ನಿಮ್ಮ ಭಾಗದ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ. ನೋಟ್‌ಬುಕ್, ಹ್ಯಾಶ್, ಡಿಸ್ಕ್ ಕಾಪಿ ಜೊತೆಗಿರಲಿ. ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸರ್ವರನ್ನು 'ಕ್ಲೀನ್' ಮಾಡಿ ಮುಂದುವರಿಸುವುದು ನನಗೆ ಒಪ್ಪಿಗೆ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ನುಗ್ಗುವುದಕ್ಕಿಂತ ಮುಂಚಿನ ಬ್ಯಾಕಪ್‌ನಿಂದ ಡೇಟಾ ತನ್ನಿ, ಪಾಸ್‌ವರ್ಡ್ ಮತ್ತು ಕೀ ಎಲ್ಲವನ್ನೂ ಬೇರೆ ಕಂಪ್ಯೂಟರ್‌ನಿಂದ ಬದಲಿಸಿ. ಲಾಗ್‌ಗಳನ್ನು 180 ದಿನ ಇಡಬೇಕೆಂದು ಅದೇ ಸರ್ಟ್-ಇನ್ ಆದೇಶ ಹೇಳುತ್ತದೆ. ಅವು ಅದೇ ಸರ್ವರ್‌ನಲ್ಲಿ ಇರುವುದು ಬೇಡ, ಬೇರೆ ಮೆಷಿನ್‌ಗೆ ಹೋಗುವಂತೆ ಅವತ್ತೇ ಸೆಟ್ ಮಾಡಿ.