ಮೊಲ ಟ್ರೇ ಬಿಟ್ಟು ಹೊರಗೆ ಗಲೀಜು ಮಾಡುತ್ತಿದೆಯಾ? ಬೈಯುವ ಮೊದಲು ಆರೋಗ್ಯ ನೋಡಿ

ಮನೆಯಲ್ಲಿ ಮೊಲ ಸಾಕಿದವರ ಬಾಯಲ್ಲಿ ಎರಡು ಮಾತು ಪದೇ ಪದೇ ಕೇಳುತ್ತವೆ. ಒಂದು, 'ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುತ್ತದೆ, ಸಾಕಾಗಿದೆ.' ಇನ್ನೊಂದು, 'ನಿನ್ನೆವರೆಗೂ ಚೆನ್ನಾಗೇ ಇತ್ತು, ಬೆಳಗ್ಗೆ ನೋಡಿದರೆ ಹೋಗಿಬಿಟ್ಟಿತ್ತು.' ಇವೆರಡಕ್ಕೂ ಸಂಬಂಧ ಇದೆ. ಮೊಲ ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ. ಕಾಡಿನಲ್ಲಿ ಸೊರಗಿದ ಮೊಲವೇ ಮೊದಲು ನರಿಯ ಬಾಯಿಗೆ ಸಿಗುವುದು, ಅದಕ್ಕೇ ಕಾಯಿಲೆ ಬಿದ್ದರೂ ತೋರಿಸಿಕೊಳ್ಳುವುದಿಲ್ಲ. ಮನೆಯ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಒಳಗೇನೋ ಸರಿಯಿಲ್ಲ ಅನ್ನುವುದು ನಮಗೆ ಮೊದಲು ಗೊತ್ತಾಗುವುದು ಅದರ ಹಿಕ್ಕೆಯಿಂದ, ಮೂತ್ರದಿಂದ. ಒಂದು ಟ್ರೇಯಲ್ಲೇ ಹಿಕ್ಕೆ, ಮೂತ್ರ ಮಾಡುವ ಅಭ್ಯಾಸ ಆಗಿದ್ದರೆ ಇದೆಲ್ಲ ಒಂದೇ ಕಡೆ ಸಿಗುತ್ತದೆ, ದಿನಾ ನೋಡುವುದು ಸುಲಭ.

ಮೊಲಕ್ಕೆ ಇದನ್ನು ಕಲಿಸಲು ಆಗುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಒಂದು ಮೂಲೆ ಆರಿಸಿಕೊಂಡು ಅಲ್ಲೇ ಮೂತ್ರ ಮಾಡುವುದು ಮೊಲದ ಹುಟ್ಟುಗುಣ. ನಾವು ಮಾಡಬೇಕಾದದ್ದು ಆ ಮೂಲೆಗೆ ಟ್ರೇ ತಂದು ಇಡುವ ಕೆಲಸ ಅಷ್ಟೇ.

ಹೆಜ್ಜೆ 1: ಟ್ರೇ ಸಿದ್ಧ ಮಾಡಿ

ಪೆಟ್ ಅಂಗಡಿಯಲ್ಲಿ ಸಿಗುವ ತ್ರಿಕೋನದ ಪುಟ್ಟ ಟ್ರೇ ತರಬೇಡಿ. ಬೆಳೆದ ಮೊಲ ಅದರಲ್ಲಿ ತಿರುಗಲೂ ಆಗುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಸಿಗುವ ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು. ಮೊಲ ಉದ್ದಕ್ಕೆ ಮಲಗಿದರೂ ಹಿಡಿಸುವಷ್ಟಿರಲಿ. ಮರಿ ಅಥವಾ ವಯಸ್ಸಾದ ಮೊಲ ಇದ್ದರೆ ಒಂದು ಕಡೆಯ ಅಂಚನ್ನು ಕತ್ತರಿಸಿ ತಗ್ಗಿಸಿ, ಕತ್ತರಿಸಿದ ಕಡೆ ಚೂಪಿಲ್ಲದ ಹಾಗೆ ಉಜ್ಜಿ.

ತಳಕ್ಕೆ ನಾಲ್ಕೈದು ಪದರ ಹಳೇ ಪೇಪರ್ ಹಾಕಿ. ಅದರ ಮೇಲೆ ಕಾಗದದ ಅಥವಾ ಮರದ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆ, ಸಿಕ್ಕರೆ ಒಂದು ಪದರ. ಸಿಗದಿದ್ದರೆ ಭತ್ತದ ಹುಲ್ಲು ಹಾಸಿದರೂ ಆಗುತ್ತದೆ, ಸ್ವಲ್ಪ ಬೇಗ ಬದಲಾಯಿಸಬೇಕು ಅಷ್ಟೇ. ಬೆಕ್ಕಿಗೆ ಬಳಸುವ, ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಲಿಟರ್ ಬೇಡವೇ ಬೇಡ. ಮೊಲ ಅದನ್ನು ತಿಂದರೆ ಹೊಟ್ಟೆಯೊಳಗೂ ಹಾಗೇ ಗಟ್ಟಿಯಾಗುತ್ತದೆ. ಮರದ ಪುಡಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರ ದೂಳು ಮೂಗಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಪದೇ ಪದೇ ಸೀನುವ ಎಷ್ಟೋ ಮೊಲಗಳ ಟ್ರೇಯಲ್ಲಿ ಇದೇ ಇರುತ್ತದೆ.

ಮುಖ್ಯವಾದ ಕೆಲಸ ಇನ್ನೂ ಇದೆ. ಟಬ್ಬಿನ ಒಂದು ತುದಿಗೆ ತಿನ್ನುವ ಒಣಹುಲ್ಲು ರಾಶಿ ಹಾಕಿ. ಮೊಲ ಹುಲ್ಲು ಮೇಯುತ್ತಲೇ ಹಿಕ್ಕೆ ಹಾಕುತ್ತದೆ. ಊಟ ಇರುವ ಕಡೆ ಅದು ಗಂಟೆಗಟ್ಟಲೆ ಕೂರುತ್ತದೆ, ಕೂತಲ್ಲೇ ಕೆಲಸ ಮುಗಿಸುತ್ತದೆ. ಅರ್ಧ ಅಭ್ಯಾಸ ಇಲ್ಲೇ ಆಗಿಹೋಗುತ್ತದೆ.

ಹೆಜ್ಜೆ 2: ಚಿಕ್ಕ ಜಾಗದಿಂದ ಶುರು ಮಾಡಿ

ಮೊದಲ ದಿನವೇ ಇಡೀ ಹಾಲ್ ಬಿಟ್ಟುಕೊಟ್ಟರೆ ಅಭ್ಯಾಸ ಆಗುವುದು ಕಷ್ಟ. ಒಂದು ಮೂಲೆಗೆ ಕಂಬಿಯ ಬೇಲಿ ಕಟ್ಟಿ ಅಲ್ಲಿ ಬಿಡಿ. ಎಲ್ಲಿ ಮೂತ್ರ ಮಾಡುತ್ತದೆ ನೋಡಿ, ಟ್ರೇಯನ್ನು ಅಲ್ಲಿಗೇ ಸರಿಸಿ. ನಾವು ಇಟ್ಟ ಮೂಲೆಗೇ ಅದು ಬರಲಿ ಅಂತ ಹಟ ಮಾಡಿದರೆ ಗೆಲ್ಲುವುದು ಮೊಲವೇ.

ಹೊರಗೆ ಬಿದ್ದ ಮೂತ್ರವನ್ನು ಪೇಪರ್ ತುಂಡಿನಲ್ಲಿ ಒರೆಸಿ ಆ ತುಂಡನ್ನು ಟ್ರೇ ಒಳಗೆ ಹಾಕಿ. ಹಿಕ್ಕೆಯನ್ನೂ ಗುಡಿಸಿ ಅಲ್ಲೇ ಹಾಕಿ. ವಾಸನೆ ಇರುವ ಜಾಗವೇ ತನ್ನ ಜಾಗ ಅಂತ ಅದು ತಿಳಿಯುತ್ತದೆ. ಹೊರಗಿನ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ. ಮೂತ್ರದ ಬಿಳಿ ಗಟ್ಟಿ ಕಲೆ ಕ್ಯಾಲ್ಸಿಯಂನದ್ದು, ವಿನೆಗರ್‌ಗೆ ಅದು ಕರಗುತ್ತದೆ. ಫಿನಾಯಿಲ್ ಬೇಡ. ಪಾದಕ್ಕೆ ಅಂಟಿದ್ದನ್ನೆಲ್ಲ ಮೊಲ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಟ್ರೇಯನ್ನು ಒಂದೆರಡು ದಿನಕ್ಕೊಮ್ಮೆ ಖಾಲಿ ಮಾಡಿ, ಆದರೆ ಹೊಸದರ ಜೊತೆ ಹಳೆಯದನ್ನು ಸ್ವಲ್ಪ ಉಳಿಸಿ. ಕೆಲವು ದಿನ ಹೊರಗೆ ಮೂತ್ರ ಬೀಳದಿದ್ದರೆ ಬೇಲಿ ಸ್ವಲ್ಪ ಹಿಗ್ಗಿಸಿ. ತಪ್ಪಿದರೆ ಮತ್ತೆ ಕುಗ್ಗಿಸಿ. ಹೊಡೆಯುವುದು, ಮೂತಿ ಹಿಡಿದು ನೆಲಕ್ಕೆ ತಿಕ್ಕುವುದು ಇವೆಲ್ಲ ಕ್ರೌರ್ಯ. ಇದರಿಂದ ಮೊಲ ಕಲಿಯುವುದು ಒಂದೇ, ನಿಮ್ಮನ್ನು ಕಂಡರೆ ಓಡುವುದು.

ತಂತಿ ಜಾಲರಿಯ ತಳ ಇರುವ ಪಂಜರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಿಕ್ಕೆ ಕೆಳಗೆ ಬೀಳುತ್ತದೆ, ಸ್ವಚ್ಛ ಅಂತ ಮಾರುತ್ತಾರೆ. ಮೊಲದ ಪಾದದಡಿ ನಾಯಿ, ಬೆಕ್ಕಿಗಿರುವಂಥ ಮೆತ್ತನೆ ಗದ್ದಿಗೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ನಿಂತು ನಿಂತು ಹಿಂಗಾಲಿನ ಅಡಿ ಹುಣ್ಣಾಗುತ್ತದೆ, ಒಮ್ಮೆ ಆದರೆ ಬೇಗ ವಾಸಿಯಾಗುವುದಿಲ್ಲ. ಈಗಾಗಲೇ ತಂದಿದ್ದರೆ ಮೇಲೆ ದಪ್ಪ ರಟ್ಟು, ಅದರ ಮೇಲೆ ಚಾಪೆ ಹಾಸಿ.

ಹೆಜ್ಜೆ 3: ದಿನಾ ಬೆಳಗ್ಗೆ ಹಿಕ್ಕೆ ನೋಡಿ

ಆರೋಗ್ಯವಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಎಣಿಸಬೇಕಾಗಿಲ್ಲ, ರಾಶಿ ನೋಡಿದರೆ ಅಂದಾಜು ಸಿಗುತ್ತದೆ. ಒಂದನ್ನು ಎತ್ತಿಕೊಂಡು ಬೆರಳಲ್ಲಿ ಒತ್ತಿ ನೋಡಿ, ಅಸಹ್ಯ ಪಡಬೇಡಿ. ಸರಿಯಾದ ಹಿಕ್ಕೆ ಕಡಲೆಕಾಳಿನ ಗಾತ್ರ, ದುಂಡಗೆ, ಒಣಗಿ ಇರುತ್ತದೆ. ವಾಸನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒತ್ತಿದರೆ ಪುಡಿಯಾಗಿ ಒಳಗೆ ಕಂದುಹಳದಿ ಬಣ್ಣದ ಹುಲ್ಲಿನ ಚೂರು ಕಾಣುತ್ತವೆ. ಹೀಗಿದ್ದರೆ ಹೊಟ್ಟೆ ಸರಿಯಾಗಿ ಓಡುತ್ತಿದೆ ಅಂತ ಅರ್ಥ.

ಗಾತ್ರ ಚಿಕ್ಕದಾಗಿ, ಕಪ್ಪಗೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಹುಲ್ಲೂ ನೀರೂ ಸಾಲುತ್ತಿಲ್ಲ, ಅಥವಾ ಕರುಳು ನಿಧಾನವಾಗುತ್ತಿದೆ. ಕೂದಲಿನಿಂದ ಒಂದಕ್ಕೊಂದು ಪೋಣಿಸಿದ ಹಾಗೆ ಬರುತ್ತಿದ್ದರೆ ಮೈ ಕೂದಲು ಉದುರುವ ಕಾಲ, ದಿನಾ ಬಾಚಿ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ನುಂಗಿದ ಕೂದಲು ಕರುಳಿನ ದಾರಿಯಲ್ಲೇ ಹೊರಗೆ ಹೋಗಬೇಕು.

ಇನ್ನೊಂದು ಬಗೆ ಇದೆ. ಹೊಳೆಯುವ, ಮೆತ್ತಗಿನ, ಗೊಂಚಲಾಗಿ ಅಂಟಿಕೊಂಡ, ವಾಸನೆ ಇರುವ ಹಿಕ್ಕೆ. ಇದು ಭೇದಿ ಅಲ್ಲ. ಮೊಲ ಇದನ್ನು ನೇರವಾಗಿ ಗುದದಿಂದಲೇ ಬಾಯಿ ಹಾಕಿ ತಿನ್ನುತ್ತದೆ. ಅದರಲ್ಲಿ ವಿಟಮಿನ್, ಪ್ರೋಟೀನ್ ಇರುತ್ತದೆ, ತಡೆಯಬೇಡಿ. ಆದರೆ ಅದು ತಿನ್ನದೇ ನೆಲದ ಮೇಲೆ ಬಿದ್ದಿದ್ದರೆ, ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಯೋಚಿಸಬೇಕು. ತಿನ್ನಲು ಕೊಡುವ ಪೆಲೆಟ್ ಆಹಾರ, ಹಣ್ಣು ಜಾಸ್ತಿಯಾಗಿರಬಹುದು. ಬೊಜ್ಜು ಬಂದು ಬಗ್ಗಲು ಆಗದಿರಬಹುದು, ಬೆನ್ನು ಅಥವಾ ಹಲ್ಲು ನೋಯುತ್ತಿರಬಹುದು. ನೀರಾದ ನಿಜವಾದ ಭೇದಿ, ಅದರಲ್ಲೂ ಮರಿಗಳಲ್ಲಿ, ಕಾಕ್ಸಿಡಿಯಾ ಎಂಬ ಪರಾವಲಂಬಿಯಿಂದ ಬರುವುದುಂಟು. ಮರಿ ಒಂದೇ ದಿನದಲ್ಲಿ ಸೋತುಹೋಗುತ್ತದೆ. ನಾಳೆ ನೋಡೋಣ ಅನ್ನಬೇಡಿ.

ಮೂತ್ರದ ಬಣ್ಣ ಕಂಡು ಹೆದರುವವರು ಬಹಳ. ತಿಳಿಹಳದಿಯಿಂದ ಕಿತ್ತಳೆ, ಇಟ್ಟಿಗೆ ಕೆಂಪಿನವರೆಗೂ ಆರೋಗ್ಯವಂತ ಮೊಲದ ಮೂತ್ರ ಇರಬಹುದು. ತಿಂದ ಸೊಪ್ಪಿನ ಬಣ್ಣ ಅದು. ಸ್ವಲ್ಪ ಕದಡಿದ ಹಾಗೆ ಬೆಳ್ಳಗಿರುವುದೂ ಸಹಜ, ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೊಲ ಮೂತ್ರದಲ್ಲೇ ಹೊರಹಾಕುತ್ತದೆ. ಆದರೆ ಗಸಿಯಂತೆ ದಪ್ಪಗೆ ಬಂದರೆ, ನಡುವೆ ರಕ್ತದ ಚುಕ್ಕೆ ಕಂಡರೆ, ಬಾಲ ಎತ್ತಿ ಮುಕ್ಕಿರಿದು ಕೂತಿದ್ದರೆ ತೋರಿಸಲೇಬೇಕು. ಮೂತ್ರಕೋಶದಲ್ಲಿ ಕಲ್ಲು, ಹೆಣ್ಣಾದರೆ ಗರ್ಭಕೋಶದ ತೊಂದರೆ ಇರಬಹುದು.

ಹೆಜ್ಜೆ 4: ಅಭ್ಯಾಸ ತಪ್ಪಿದರೆ ಕಾರಣ ಹುಡುಕಿ

ಟ್ರೇ ಸುತ್ತ ನಾಲ್ಕಾರು ಒಣ ಹಿಕ್ಕೆ ಬಿದ್ದಿರುವುದು ಸಮಸ್ಯೆಯೇ ಅಲ್ಲ. ಇದು ನನ್ನ ಜಾಗ ಅಂತ ಮೊಲ ಹಾಕುವ ಗುರುತು. ಹೊಸ ಪ್ರಾಣಿ ಬಂದಾಗ, ಮನೆ ಬದಲಾಯಿಸಿದಾಗ ಜಾಸ್ತಿಯಾಗುತ್ತದೆ, ತಾನೇ ಕಡಿಮೆಯಾಗುತ್ತದೆ. ಗಮನ ಕೊಡಬೇಕಾದದ್ದು ಹೊರಗೆ ಬಿದ್ದ ಮೂತ್ರಕ್ಕೆ.

ಮೊಲಕ್ಕೆ ಮೂರರಿಂದ ಆರು ತಿಂಗಳಾ? ಹಾಗಿದ್ದರೆ ಪ್ರಾಯ ಬಂದಿದೆ. ಗಂಡು ಗೋಡೆಗೆ, ಸೋಫಾಗೆ, ನಿಮ್ಮ ಕಾಲಿಗೂ ಮೂತ್ರ ಚಿಮ್ಮಿಸುತ್ತದೆ. ಇದಕ್ಕೆ ಮದ್ದು ಸಂತಾನಹರಣ ಆಪರೇಷನ್. ಮಾಡಿಸಿದ ಮೇಲೂ ಅಭ್ಯಾಸ ತಗ್ಗಲು ಕೆಲವು ವಾರ ಬೇಕು. ಹೆಣ್ಣಿಗಂತೂ ಇದು ಜೀವ ಉಳಿಸುವ ಆಪರೇಷನ್. ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಮೂರು-ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. 'ಎರಡೂ ಹೆಣ್ಣೇ' ಅಂತ ಅಂಗಡಿಯವರು ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿರುವುದೂ ಅಪರೂಪವಲ್ಲ. ಮೊಲದ ಗರ್ಭ ಸುಮಾರು 31 ದಿನ. ಮರಿ ಹಾಕಿದ ದಿನವೇ ತಾಯಿ ಮತ್ತೆ ಗಬ್ಬವಾಗಬಲ್ಲದು.

ಆಪರೇಷನ್ ಆಗಿರುವ, ವರ್ಷಗಟ್ಟಲೆ ಟ್ರೇಗೇ ಹೋಗುತ್ತಿದ್ದ ಮೊಲ ಇದ್ದಕ್ಕಿದ್ದಂತೆ ತಪ್ಪಿದರೆ ಅದನ್ನು ಕಾಯಿಲೆ ಅಂತಲೇ ತಿಳಿಯಿರಿ. ಸ್ವಲ್ಪ ಸ್ವಲ್ಪವೇ ಹತ್ತಾರು ಕಡೆ ಮಾಡುತ್ತಿದ್ದರೆ ಮೂತ್ರಕೋಶದ ಸೋಂಕು ಅಥವಾ ಕಲ್ಲು. ಟ್ರೇ ಪಕ್ಕದಲ್ಲೇ ಮಾಡಿ, ಒಳಗೆ ಹತ್ತದಿದ್ದರೆ ಕೀಲು ನೋವು, ವಯಸ್ಸಾದವಕ್ಕೆ ಇದು ಬಹಳ. ಹಿಂಭಾಗ ಸದಾ ಒದ್ದೆಯಾಗಿದ್ದು, ಚರ್ಮ ಕೆಂಪಾಗಿದ್ದರೆ ಬೆನ್ನುಹುರಿ, ನರದ ತೊಂದರೆಯೂ ಇರಬಹುದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ಇಂಥ ಒದ್ದೆ ಜಾಗದಲ್ಲಿ ನೊಣ ಮೊಟ್ಟೆ ಇಟ್ಟು ಗಂಟೆಗಳಲ್ಲೇ ಹುಳ ಆಗುತ್ತದೆ. ಬೆಳಗ್ಗೆ, ಸಂಜೆ ಬಾಲದ ಕೆಳಗೆ ನೋಡಿ. ಗಲೀಜಾಗಿದ್ದರೆ ಅಷ್ಟು ಜಾಗ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಇಡೀ ಮೊಲಕ್ಕೆ ಸ್ನಾನ ಮಾಡಿಸಬೇಡಿ, ಗಾಬರಿಗೇ ಪ್ರಾಣ ಹೋಗಬಹುದು.

ಹೆಜ್ಜೆ 5: ತಟ್ಟೆ ಸರಿಮಾಡಿ

ಮೊಲಕ್ಕೆ ಕ್ಯಾರೆಟ್ಟೇ ಊಟ ಅನ್ನುವವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಲೇ ಇರುತ್ತಾರೆ. ಕ್ಯಾರೆಟ್ ಸಿಹಿತಿಂಡಿ, ಒಂದು ಬಿಲ್ಲೆ ಸಾಕು. ಊಟದಲ್ಲಿ ನೂರಕ್ಕೆ 80 ಪಾಲು ಹುಲ್ಲೇ ಇರಬೇಕು. ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ವಾರಕ್ಕೆ ಎರಡು-ಮೂರು ಮಿಲಿಮೀಟರ್. ಹುಲ್ಲು ಅಗಿದು ಅಗಿದೇ ಅದು ಸವೆಯಬೇಕು, ನಾರಿನಿಂದಲೇ ಕರುಳು ಓಡಬೇಕು.

ಆಮದಾದ ತಿಮೋತಿ ಹುಲ್ಲು ದುಬಾರಿ ಅನ್ನಿಸಿದರೆ ಬೇರೆ ದಾರಿ ಇದೆ. ಹಸುವಿಗೆ ಬೆಳೆಯುವ ರೋಡ್ಸ್ ಹುಲ್ಲು, ಗಿನಿ ಹುಲ್ಲು ತಂದು ಒಣಗಿಸಿ. ಔಷಧಿ ಹೊಡೆಯದ ಕಡೆಯ ಗರಿಕೆ ಇನ್ನೂ ಒಳ್ಳೆಯದು. ಭತ್ತದ ಹುಲ್ಲು ಹಾಸಲು ಸರಿ, ಅದೊಂದನ್ನೇ ತಿಂದರೆ ಸತ್ವ ಸಾಲದು. ಬೂಷ್ಟು ಹಿಡಿದದ್ದನ್ನು ಬಿಸಾಕಿ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು, ಆರು ತಿಂಗಳೊಳಗಿನ ಮರಿಗೆ ಮಾತ್ರ. ದೊಡ್ಡದಕ್ಕೆ ಕೊಟ್ಟರೆ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರ ಗಸಿಗಟ್ಟುತ್ತದೆ.

ದಿನಕ್ಕೊಂದು ಹಿಡಿ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ಬದಲಿಸಿ ಬದಲಿಸಿ ಕೊಡಿ. ಪಾಲಕ್ ಅಪರೂಪಕ್ಕೆ. ಪೆಲೆಟ್ ಎರಡು ಕೆಜಿ ತೂಗುವ ಮೊಲಕ್ಕೆ ಒಂದೆರಡು ಚಮಚ. ಅನ್ನ, ಚಪಾತಿ, ಬಿಸ್ಕೆಟ್, ಬ್ರೆಡ್, ಕಡಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ನೀರು ಬಾಟಲಿಗಿಂತ ಭಾರದ ಬಟ್ಟಲಲ್ಲಿಟ್ಟರೆ ಜಾಸ್ತಿ ಕುಡಿಯುತ್ತದೆ.

ಹೆಜ್ಜೆ 6: ಯಾವಾಗ ಓಡಬೇಕು

ಹತ್ತು-ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಇಲ್ಲ, ಬೆನ್ನು ಗೂನಾಗಿಸಿ ಕೂತು ಕಟಕಟ ಹಲ್ಲು ಕಡಿಯುತ್ತಿದೆ ಅಂದರೆ ಕರುಳು ನಿಂತಿದೆ. ರಾತ್ರಿಯಾದರೂ ಸರಿ, ಆಗಲೇ ಹೊರಡಿ. ಕಿವಿ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಕೊತ್ತಂಬರಿ ಮೂಗಿನ ಹತ್ತಿರ ಹಿಡಿದು ನೋಡಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ ಸಿರಿಂಜ್‌ನಲ್ಲಿ ಏನನ್ನೂ ತುರುಕಬೇಡಿ. ಮನುಷ್ಯರ ಮಾತ್ರೆ ಕೊಡಲೇಬೇಡಿ.

ಬೇಸಿಗೆಯಲ್ಲಿ ಇನ್ನೊಂದು ಅಪಾಯ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ಕಲಬುರಗಿ, ರಾಯಚೂರಿನಲ್ಲಿ 40 ದಾಟುತ್ತದೆ. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಬಿಸಿ ಹೊರಹಾಕಬೇಕು. ಕಡಪ ಕಲ್ಲಿನ ಚಪ್ಪಡಿ, ಬಟ್ಟೆ ಸುತ್ತಿದ ಐಸ್ ಬಾಟಲಿ ಪಕ್ಕದಲ್ಲಿರಲಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಿವಿಗೆ ತಂಪು ನೀರು ಸವರುತ್ತಾ ಆಸ್ಪತ್ರೆಗೆ ಹೋಗಿ. ಐಸ್ ನೀರು ಬೇಡ.

ಮೂಗು, ಕಿವಿಯಂಚು, ಪಾದಗಳಲ್ಲಿ ಬಿಳಿ ಹೊಪ್ಪಳೆ ಕಂಡರೆ ಕಜ್ಜಿ, ಎತ್ತಿಕೊಂಡವರಿಗೂ ತುರಿಕೆ ಬರುತ್ತದೆ. ವೈದ್ಯರ ಔಷಧಿಗೆ ಬೇಗ ಬಗ್ಗುತ್ತದೆ. ಆದರೆ ನಾಯಿಗೆ ಹೊಡೆಯುವ ಫಿಪ್ರೋನಿಲ್ ಸ್ಪ್ರೇ ಮೊಲಕ್ಕೆ ಮಾರಕ, ಅದನ್ನು ಮಾತ್ರ ಹಾಕಬೇಡಿ.

ಹೆಜ್ಜೆ 7: ವೈದ್ಯರನ್ನು ಮೊದಲೇ ಹುಡುಕಿಡಿ

ಎಲ್ಲ ಪಶುವೈದ್ಯರಿಗೂ ಮೊಲ ನೋಡಿ ರೂಢಿ ಇರುವುದಿಲ್ಲ. ಮೊಲ ಚೆನ್ನಾಗಿರುವಾಗಲೇ ಫೋನ್ ಮಾಡಿ ಕೇಳಿ: ಮೊಲ ನೋಡುತ್ತೀರಾ, ಆಪರೇಷನ್ ಮಾಡುತ್ತೀರಾ, ರಾತ್ರಿ ಯಾರು ಸಿಗುತ್ತಾರೆ? ಬೆಂಗಳೂರಿನ ಸುತ್ತಮುತ್ತ ಇದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು.

ಎರಡು ವಿಷಯ ನಿಮಗೇ ಗೊತ್ತಿರಬೇಕು. ಆಪರೇಷನ್‌ಗೆ ಮುಂಚೆ ರಾತ್ರಿಯೆಲ್ಲ ಉಪವಾಸ ಇಡಿ ಅಂದರೆ ಕಾರಣ ಕೇಳಿ. ಮೊಲಕ್ಕೆ ಉಪವಾಸ ಬೇಕಿಲ್ಲ, ಕರುಳು ನಿಲ್ಲುವ ಭಯ ಅದಕ್ಕೆ. ಇನ್ನೊಂದು, ಬಾಯಿಗೆ ಹಾಕುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಅದರ ಪ್ರಾಣಕ್ಕೇ ಎರವಾಗಬಹುದು. ಚೀಟಿಯಲ್ಲಿ ಈ ಹೆಸರು ಕಂಡರೆ, 'ಡಾಕ್ಟ್ರೇ, ಇದು ಮೊಲಕ್ಕೆ ಕೊಡಬಹುದಾ?' ಅಂತ ಸಂಕೋಚವಿಲ್ಲದೆ ಕೇಳಿ.

ಹೊರಡುವಾಗ ಆ ದಿನದ ಹಿಕ್ಕೆಯನ್ನು ಒಂದು ಕವರ್‌ನಲ್ಲಿ ಹಾಕಿಕೊಳ್ಳಿ, ಮೂತ್ರ ಬಿದ್ದ ಟ್ರೇಯ ಫೋಟೊ ತೆಗೆದುಕೊಳ್ಳಿ. ಕೊನೆಯ ಸಲ ಯಾವಾಗ, ಏನು ತಿಂದಿತು ಅಂತ ಬರೆದಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡುವ ರೂಢಿ ಇದ್ದರೆ ಆ ಲೆಕ್ಕವೂ ಜೊತೆಗಿರಲಿ. ಮೊಲವನ್ನು ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದ ಅಡಿ ಇರಲಿ, ಹಿಂಗಾಲು ಜಾಡಿಸಿ ಒದ್ದರೆ ಅದರ ಬೆನ್ನುಮೂಳೆ ಮುರಿಯಬಹುದು. ಬುಟ್ಟಿಯಲ್ಲಿ ಕೂರಿಸಿ, ಜೊತೆಗೆ ಹುಲ್ಲು ಹಾಕಿ, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ. ಆಸ್ಪತ್ರೆಯಲ್ಲಿ ನಾಯಿಗಳಿದ್ದರೆ ನಿಮ್ಮ ಸರದಿ ಬರುವವರೆಗೆ ಹೊರಗೆ ನೆರಳಲ್ಲಿ ಕಾಯಿರಿ.